ಬಾಡಿಗೆ ಮನೆಯಲ್ಲಿ ತೇವ ಮತ್ತು ದುರ್ವಾಸನೆ: ಮಾಲೀಕರ ಹೊಣೆ ಎಲ್ಲಿಯವರೆಗೆ, ಬಾಡಿಗೆದಾರರ ಹೊಣೆ ಎಲ್ಲಿಂದ

ಬಾಡಿಗೆ ಮನೆಯ ಗೋಡೆಯಲ್ಲಿ ತೇವ ಕಾಣಿಸಿಕೊಂಡಾಗ, ಅಥವಾ ಕೋಣೆಯಲ್ಲಿ ಮುಗ್ಗಲು ವಾಸನೆ ತಳವೂರಿದಾಗ, ಮಾತು ಸಾಮಾನ್ಯವಾಗಿ ಶುರುವಾಗುವುದೇ ತಪ್ಪು ತುದಿಯಿಂದ. ಮನೆಯೇ ಸರಿಯಿಲ್ಲ ಎಂದು ಬಾಡಿಗೆದಾರರು ಹೇಳುತ್ತಾರೆ, ನೀವು ಕಿಟಕಿಯನ್ನೇ ತೆರೆಯುವುದಿಲ್ಲ ಎಂದು ಮಾಲೀಕರು ಹೇಳುತ್ತಾರೆ, ಈ ವಾದ ತಿಂಗಳುಗಟ್ಟಲೆ ನಡೆಯುವಾಗ ನೀರು ಮಾತ್ರ ಗೋಡೆಯೊಳಗೆ ಇಳಿಯುತ್ತಲೇ ಇರುತ್ತದೆ. ಖರ್ಚು ಯಾರದು ಎಂಬ ಪ್ರಶ್ನೆಗೆ ಉತ್ತರ ಬಹುಪಾಲು ಸಂದರ್ಭಗಳಲ್ಲಿ ನೀರು ಎಲ್ಲಿಂದ ಬಂತು ಎಂಬ ಪ್ರಶ್ನೆಯಲ್ಲೇ ಇದೆ. ಆದ್ದರಿಂದ ಇಲ್ಲಿ ಮೊದಲು ಮೂಲವನ್ನು ಪತ್ತೆ ಹಚ್ಚುವ ಕ್ರಮವನ್ನು ಹೇಳಿ, ಆಮೇಲೆ ಹೊಣೆಯ ಹಂಚಿಕೆ, ಪತ್ರ ವ್ಯವಹಾರ, ದುರಸ್ತಿ ಮತ್ತು ಲೆಕ್ಕಾಚಾರಕ್ಕೆ ಬರಲಾಗಿದೆ.

ಇದನ್ನು ಕೇವಲ ಗೋಡೆಯ ಅಂದಚೆಂದದ ವಿಷಯವೆಂದು ತಳ್ಳಿಹಾಕುವಂತಿಲ್ಲ. ಒಳಾಂಗಣದ ತೇವ ಮತ್ತು ಬೂಷ್ಟಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯು, ಇಂಥ ಮನೆಗಳಲ್ಲಿ ವಾಸಿಸುವವರಿಗೆ ಉಸಿರಾಟದ ತೊಂದರೆ, ಅಸ್ತಮಾ ಮತ್ತು ಶ್ವಾಸಕೋಶದ ಸೋಂಕುಗಳ ಅಪಾಯ ಹೆಚ್ಚೆಂದು ಸ್ಪಷ್ಟವಾಗಿ ಹೇಳಿದೆ. ಮನೆಯಲ್ಲಿ ಹಸುಗೂಸು, ವಯಸ್ಸಾದವರು ಅಥವಾ ಅಸ್ತಮಾ ಇರುವವರು ಇದ್ದರೆ ಮುಂದೆ ಹೇಳಿರುವ ಪ್ರತಿಯೊಂದು ಗಡುವನ್ನೂ ಇನ್ನಷ್ಟು ಬಿಗಿ ಮಾಡಿಕೊಳ್ಳಬೇಕು.

ಕಾಯಬಾರದ ಸಂದರ್ಭಗಳು

ಕೆಲವು ಸೂಚನೆಗಳು ಕಂಡಾಗ ಹೊಣೆ ಯಾರದೆಂದು ಯೋಚಿಸುತ್ತ ಕೂರಬಾರದು. ಅಡುಗೆ ಅನಿಲದ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಹಾಕದೆ, ಆರಿಸದೆ, ಸಿಲಿಂಡರಿನ ರೆಗ್ಯುಲೇಟರ್ ಅಥವಾ ಅನಿಲದ ಮುಖ್ಯ ಕವಾಟವನ್ನು ಮುಚ್ಚಿ, ಬಾಗಿಲು ಕಿಟಕಿ ತೆರೆದು, ಎಲ್ಲರೂ ಹೊರಗೆ ಬಂದ ಮೇಲೆಯೇ ಫೋನ್ ಮಾಡಬೇಕು. ಆ ಅನಿಲಕ್ಕೆ ಸ್ವತಃ ವಾಸನೆಯಿಲ್ಲ. ಸೋರಿಕೆ ಗೊತ್ತಾಗಲೆಂದೇ ಅದಕ್ಕೆ ಗಂಧಕದ ಸಂಯುಕ್ತವೊಂದನ್ನು ಬೆರೆಸಿರುತ್ತಾರೆ. ಪ್ಲಾಸ್ಟಿಕ್ ಸುಟ್ಟಂತೆಯೋ ಮೀನಿನಂತೆಯೋ ವಾಸನೆ ಸ್ವಿಚ್‌ಬೋರ್ಡಿನ ಬಳಿ ಬಂದರೆ ಅಲ್ಲಿ ತಂತಿ ಬಿಸಿಯಾಗುತ್ತಿರುವ ಸಾಧ್ಯತೆ ಇರುವುದರಿಂದ ಮೇನ್ ಸ್ವಿಚ್ ಆರಿಸಿ ಎಲೆಕ್ಟ್ರಿಷಿಯನ್‌ನನ್ನು ಕರೆಸಬೇಕು. ಗೋಡೆಯ ತೇವ ವಿದ್ಯುತ್ ಬೋರ್ಡಿನವರೆಗೆ ಬಂದಿದ್ದರೆ, ಚಾವಣಿಯ ಗಾರೆ ಉಬ್ಬಿ ಜೋತುಬಿದ್ದಿದ್ದರೆ, ಅಥವಾ ಶೌಚದ ನೀರು ಹಿಮ್ಮುಖವಾಗಿ ಮನೆಯೊಳಗೆ ಬರುತ್ತಿದ್ದರೆ ಮಾಲೀಕರಿಗೆ ಆ ಕ್ಷಣವೇ ಫೋನ್ ಮಾಡಿ, ಅದೇ ದಿನ ಲಿಖಿತವಾಗಿಯೂ ತಿಳಿಸಬೇಕು. ಮಾಲೀಕರ ಕಡೆಯಿಂದಲೂ ಇವುಗಳಿಗೆ ಅದೇ ದಿನದ ಸ್ಪಂದನೆಗಿಂತ ಕಡಿಮೆ ಯಾವುದೂ ಒಪ್ಪತಕ್ಕದ್ದಲ್ಲ.

ಮೊದಲ ಹೆಜ್ಜೆ: ಕಂಡದ್ದನ್ನು ದಾಖಲಿಸುವುದು

ತೇವದ ಕಲೆಯನ್ನು ಹತ್ತಿರದಿಂದ ಒಂದು, ಇಡೀ ಗೋಡೆ ಕಾಣುವಂತೆ ದೂರದಿಂದ ಇನ್ನೊಂದು ಫೋಟೋ ತೆಗೆಯಿರಿ. ಹತ್ತಿರದ ಫೋಟೋದಲ್ಲಿ ಅಳತೆ ಪಟ್ಟಿಯನ್ನೋ ಒಂದು ನಾಣ್ಯವನ್ನೋ ಪಕ್ಕದಲ್ಲಿಟ್ಟರೆ ಗಾತ್ರ ಖಚಿತವಾಗಿ ಗೊತ್ತಾಗುತ್ತದೆ. ಆಮೇಲೆ ಕಲೆಯ ಅಂಚಿನ ಸುತ್ತ ಪೆನ್ಸಿಲಿನಿಂದ ತೆಳುವಾಗಿ ಗೆರೆ ಎಳೆದು ದಿನಾಂಕ ಬರೆಯಿರಿ. ವಾರದ ನಂತರ ತೇವ ಆ ಗೆರೆಯನ್ನು ದಾಟಿದ್ದರೆ ಅದು ಬೆಳೆಯುತ್ತಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಾಗುವುದಿಲ್ಲ. ಮಳೆ ಬಂದ ದಿನ, ಬಿಸಿಲಿದ್ದ ದಿನ, ಮೇಲಿನ ಮನೆಯವರು ಊರಲ್ಲಿಲ್ಲದ ದಿನ, ಹೀಗೆ ತೇವದ ಏರಿಳಿತಕ್ಕೆ ಕಾರಣವಾಗಬಹುದಾದದ್ದನ್ನೆಲ್ಲ ಒಂದೊಂದು ಸಾಲಿನಲ್ಲಿ ಬರೆದಿಟ್ಟುಕೊಳ್ಳಿ.

ಸಾಧ್ಯವಾದರೆ ಗಾಳಿಯ ತೇವಾಂಶ ತೋರಿಸುವ ಹೈಗ್ರೋಮೀಟರ್ ಎಂಬ ಸಣ್ಣ ಉಪಕರಣವನ್ನು ತಂದು ಒಂದು ವಾರ ಬೆಳಿಗ್ಗೆ ಮತ್ತು ರಾತ್ರಿ ಅಂಕಿಯನ್ನು ಬರೆದಿಡಿ. ಮನೆಯೊಳಗಿನ ಸಾಪೇಕ್ಷ ತೇವಾಂಶ ಶೇ. 30ರಿಂದ 50ರ ನಡುವೆ ಇದ್ದರೆ ಉತ್ತಮ, ಶೇ. 60ನ್ನು ದಾಟದಂತೆ ನೋಡಿಕೊಳ್ಳಬೇಕು ಎಂಬುದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಸಲಹೆ. ಹೊರಗಿನ ಗಾಳಿಯೇ ತೇವದಿಂದ ತುಂಬಿರುವ ಋತುವಿನಲ್ಲಿ ಈ ಮಿತಿಯನ್ನು ಕಾಯ್ದುಕೊಳ್ಳುವುದು ಕಷ್ಟ, ಆದ್ದರಿಂದ ಹೊರಗಿನ ಅಂಕಿಯನ್ನೂ ಜೊತೆಗೆ ಬರೆದುಕೊಂಡರೆ ಹೋಲಿಕೆ ನ್ಯಾಯವಾಗಿರುತ್ತದೆ.

ಎರಡನೇ ಹೆಜ್ಜೆ: ನೀರಿನ ಮೂಲವನ್ನು ಗುರುತಿಸುವುದು

ಮನೆಯ ತೇವಕ್ಕೆ ಮುಖ್ಯವಾಗಿ ನಾಲ್ಕು ದಾರಿಗಳಿವೆ, ಪ್ರತಿಯೊಂದೂ ತನ್ನದೇ ಗುರುತನ್ನು ಬಿಟ್ಟುಹೋಗುತ್ತದೆ.

ಹೊರಗಿನಿಂದ ಒಳಗೆ ಇಳಿಯುವ ಮಳೆನೀರು ಮೊದಲನೆಯದು. ತಾರಸಿಯ ಬಿರುಕು, ಹೊರಗೋಡೆಯ ಗಾರೆಯ ಸೀಳು, ಕಿಟಕಿಯ ಚೌಕಟ್ಟಿನ ಸುತ್ತಲಿನ ಸಂದು, ಕಟ್ಟಿಕೊಂಡ ಮಳೆನೀರಿನ ಕೊಳವೆ, ಇವೆಲ್ಲ ಅದರ ದಾರಿಗಳು. ಮಳೆ ಬಿದ್ದ ಕೆಲವು ಗಂಟೆಗಳಲ್ಲಿ ಅಥವಾ ಮರುದಿನ ಕಲೆ ಗಾಢವಾಗಿ, ಒಣ ದಿನಗಳಲ್ಲಿ ತಿಳಿಯಾಗುತ್ತ ಹೋದರೆ ಸಂದೇಹ ಈ ಕಡೆಗೇ ಹೋಗಬೇಕು. ಕಲೆ ಕಾಣುವ ಜಾಗಕ್ಕೂ ನೀರು ಒಳಗೆ ಬಂದ ಜಾಗಕ್ಕೂ ಹಲವು ಅಡಿಗಳ ಅಂತರ ಇರಬಹುದು ಎಂಬುದನ್ನು ಇಲ್ಲಿ ಮರೆಯಬಾರದು, ಏಕೆಂದರೆ ನೀರು ಸ್ಲ್ಯಾಬಿನ ಇಳಿಜಾರನ್ನೋ ವಿದ್ಯುತ್ ತಂತಿಯ ಕೊಳವೆಯನ್ನೋ ಹಿಡಿದು ಹರಿದು, ತನಗೆ ಅನುಕೂಲವಾದಲ್ಲಿ ಹೊರಬರುತ್ತದೆ.

ಎರಡನೆಯದು ನೆಲದಿಂದ ಮೇಲೇರುವ ತೇವ. ಅಡಿಪಾಯದ ಮೇಲೆ ಹಾಕಬೇಕಾದ ತೇವ ತಡೆಯುವ ಪದರ, ಕಟ್ಟಡದ ಕೆಲಸದವರು ಡಿಪಿಸಿ ಎನ್ನುವುದು, ಇಲ್ಲದಿದ್ದರೆ ಅಥವಾ ಹಾಳಾಗಿದ್ದರೆ ಇಟ್ಟಿಗೆಯ ಸೂಕ್ಷ್ಮ ರಂಧ್ರಗಳು ಮಣ್ಣಿನ ನೀರನ್ನು ಮೇಲಕ್ಕೆ ಎಳೆದುಕೊಳ್ಳುತ್ತವೆ. ಇದು ನೆಲಮಹಡಿಯಲ್ಲಿ ಮಾತ್ರ ಕಾಣುತ್ತದೆ, ಸಾಮಾನ್ಯವಾಗಿ ನೆಲದಿಂದ ಸುಮಾರು ಒಂದು ಮೀಟರ್ ಎತ್ತರದವರೆಗೆ ಬಂದು ಅಡ್ಡವಾಗಿ ಒಂದು ಗೆರೆಯಂತೆ ನಿಲ್ಲುತ್ತದೆ, ಆ ಗೆರೆಯ ಆಸುಪಾಸಿನಲ್ಲಿ ಬಿಳಿ ಉಪ್ಪು ಪುಡಿಪುಡಿಯಾಗಿ ಹೊರಬರುತ್ತದೆ, ಬಣ್ಣ ಹೊಪ್ಪಳೆಯಾಗಿ ಏಳುತ್ತದೆ. ಬೆರಳಿನಿಂದ ಒರೆಸಿದರೆ ಆ ಬಿಳಿ ಪುಡಿ ಗರಗರ ಎನ್ನುತ್ತದೆ, ನೀರಿನಲ್ಲಿ ಕರಗುತ್ತದೆ. ಅದನ್ನು ಬೂಷ್ಟೆಂದು ತಪ್ಪು ತಿಳಿಯುವವರು ಬಹಳ ಮಂದಿ.

ಮೂರನೆಯದು ಪೈಪು ಮತ್ತು ಬಚ್ಚಲುಗಳ ಸೋರಿಕೆ. ಹವಾಮಾನಕ್ಕೂ ಇದಕ್ಕೂ ಸಂಬಂಧವಿಲ್ಲ. ಬಿಸಿಲಿರಲಿ, ಮಳೆಯಿರಲಿ ಕಲೆ ಒದ್ದೆಯಾಗಿಯೇ ಇರುತ್ತದೆ. ನೀರು ಒಳಬರುವ ಕೊಳವೆ ಸೋರುತ್ತಿದೆಯೇ ಎಂದು ತಿಳಿಯಲು ಎಲ್ಲ ನಲ್ಲಿಗಳನ್ನೂ ಮುಚ್ಚಿ, ನೀರಿನ ಮೀಟರಿನ ಅಂಕಿಯನ್ನು ಬರೆದುಕೊಂಡು, ಒಂದೆರಡು ಗಂಟೆ ಯಾರೂ ನೀರು ಬಳಸದೆ ಮತ್ತೆ ನೋಡಬೇಕು. ಅಂಕಿ ಮುಂದೆ ಹೋಗಿದ್ದರೆ ಎಲ್ಲೋ ಸೋರುತ್ತಿದೆ. ಅಂಕಿ ಅಲ್ಲಾಡದಿದ್ದರೂ ತೇವ ಇದ್ದರೆ, ಬಳಸಿದ ನೀರು ಹೊರಹೋಗುವ ಕೊಳವೆಯನ್ನೋ ಸ್ನಾನದ ಕೋಣೆಯ ನೆಲದ ವಾಟರ್‌ಪ್ರೂಫಿಂಗನ್ನೋ ಸಂದೇಹಿಸಬೇಕು; ಅವು ನೀರು ಬಳಸಿದಾಗ ಮಾತ್ರ ಸೋರುವುದರಿಂದ ಮೀಟರು ಅವನ್ನು ಹಿಡಿಯುವುದಿಲ್ಲ. ಬಚ್ಚಲನ್ನು ಎರಡು ದಿನ ಬಳಸದೆ ಬಿಟ್ಟಾಗ ಹಿಂದಿನ ಗೋಡೆಯ ಕಲೆ ತಿಳಿಯಾದರೆ ಉತ್ತರ ಸಿಕ್ಕಂತೆ.

ನಾಲ್ಕನೆಯದು, ಅತಿ ಹೆಚ್ಚು ಜಗಳಕ್ಕೆ ಕಾರಣವಾಗುವುದು, ಗಾಳಿಯಲ್ಲಿನ ನೀರಾವಿ ತಣ್ಣನೆಯ ಗೋಡೆಯ ಮೇಲೆ ಹನಿಗಟ್ಟುವುದು. ಇಪ್ಪತ್ತು ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 17 ಗ್ರಾಂ ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು, ಹತ್ತು ಡಿಗ್ರಿಯಲ್ಲಿ ಕೇವಲ 9 ಗ್ರಾಂ ಚಿಲ್ಲರೆ. ಬೆಚ್ಚಗಿನ ಗಾಳಿ ತಣ್ಣನೆಯ ಗೋಡೆಗೆ ತಾಗಿದಾಗ ಹಿಡಿಸಲಾರದ ನೀರನ್ನು ಅಲ್ಲೇ ಬಿಟ್ಟುಬಿಡುತ್ತದೆ, ತಣ್ಣೀರು ತುಂಬಿದ ಚೊಂಬಿನ ಹೊರಮೈ ಬೆವರಿದಂತೆ. ಕಿಟಕಿ ಗಾಜು ಬೆಳಿಗ್ಗೆ ಬೆವರಿರುವುದು, ಕೋಣೆಯ ಮೇಲ್ಮೂಲೆಗಳಲ್ಲಿ ಮತ್ತು ಹೊರಗೋಡೆಗೆ ಒತ್ತಿಟ್ಟ ಬೀರುವಿನ ಹಿಂದೆ ಕಪ್ಪು ಚುಕ್ಕಿಗಳಂತೆ ಬೂಷ್ಟು ಹಬ್ಬುವುದು ಇದರ ಗುರುತುಗಳು. ಇಲ್ಲಿ ಗೆರೆ ಇರುವುದಿಲ್ಲ, ಉಪ್ಪೂ ಬಿಡುವುದಿಲ್ಲ.

ತೇವ ಗೋಡೆಯೊಳಗಿನಿಂದ ಬರುತ್ತಿದೆಯೋ ಗಾಳಿಯಿಂದ ಬರುತ್ತಿದೆಯೋ ಎಂದು ತಿಳಿಯಲು ಅಲ್ಯೂಮಿನಿಯಂ ಹಾಳೆಯ ಸರಳ ಪರೀಕ್ಷೆ ಇದೆ. ಗೋಡೆಯ ಮೇಲ್ಮೈಯನ್ನು ಬಟ್ಟೆಯಿಂದ ಒರೆಸಿ ಒಣಗಿಸಿ, ಸುಮಾರು ಒಂದು ಅಡಿ ಚೌಕದ ಹಾಳೆಯನ್ನು ನಾಲ್ಕೂ ಅಂಚುಗಳಲ್ಲಿ ಗಾಳಿಯಾಡದಂತೆ ಟೇಪಿನಿಂದ ಅಂಟಿಸಿ, 24ರಿಂದ 48 ಗಂಟೆ ಬಿಡಬೇಕು. ಕೋಣೆಯ ಕಡೆಯ ಮುಖದಲ್ಲಿ ಹನಿ ನಿಂತಿದ್ದರೆ ಅದು ಗಾಳಿಯ ತೇವ, ಗೋಡೆಯ ಕಡೆಯ ಮುಖ ಒದ್ದೆಯಾಗಿದ್ದರೆ ನೀರು ಗೋಡೆಯಿಂದಲೇ ಬರುತ್ತಿದೆ. ಎರಡೂ ಮುಖ ಒದ್ದೆಯಾಗಿರುವುದೂ ಉಂಟು, ಏಕೆಂದರೆ ನೆನೆದ ಗೋಡೆ ತಣ್ಣಗಾಗಿ ತಾನೇ ಗಾಳಿಯ ತೇವವನ್ನೂ ಸೆಳೆಯುತ್ತದೆ. ಹೀಗಿದ್ದಾಗ ಸೋರಿಕೆಯನ್ನು ಮೊದಲು ನಿಲ್ಲಿಸಿ, ಉಳಿದದ್ದನ್ನು ಆಮೇಲೆ ನೋಡಬೇಕು. ಪರೀಕ್ಷೆಯನ್ನು ಮಾಲೀಕರ ಸಮಕ್ಷಮದಲ್ಲಿ ಅಂಟಿಸಿ, ಅವರ ಸಮಕ್ಷಮದಲ್ಲೇ ತೆಗೆಯುವುದು ಒಳ್ಳೆಯದು. ಅರ್ಧ ವಾದ ಅಲ್ಲಿಗೇ ಮುಗಿಯುತ್ತದೆ.

ಮೂರನೇ ಹೆಜ್ಜೆ: ಹೊಣೆಯನ್ನು ಹಂಚುವುದು

ಕಟ್ಟಡದ ಮೈಯಿಂದ ಬಂದ ನೀರು ಮಾಲೀಕರ ಹೊಣೆ, ಬಳಕೆಯಿಂದ ಹುಟ್ಟಿದ ತೇವವನ್ನು ಹೊರಹಾಕುವುದು ಬಾಡಿಗೆದಾರರ ಹೊಣೆ, ಆದರೆ ಹೊರಹಾಕಲು ದಾರಿ ಇರುವಂತೆ ಮನೆ ಕೊಡುವುದು ಮತ್ತೆ ಮಾಲೀಕರ ಹೊಣೆ. ಬಹುತೇಕ ದೇಶಗಳ ಬಾಡಿಗೆ ಕಾನೂನುಗಳೂ ಒಪ್ಪಂದಗಳೂ ಸರಿಸುಮಾರು ಈ ತತ್ವದ ಮೇಲೆಯೇ ನಿಂತಿವೆ.

ಅದರಂತೆ ತಾರಸಿ, ಹೊರಗೋಡೆ, ಅಡಿಪಾಯ, ಗೋಡೆಯೊಳಗಿನ ಕೊಳವೆಗಳು, ಸ್ನಾನದ ಕೋಣೆಯ ವಾಟರ್‌ಪ್ರೂಫಿಂಗ್, ಕಿಟಕಿಯ ಚೌಕಟ್ಟು, ಚರಂಡಿಯ ಮುಖ್ಯ ಕೊಳವೆ ಇವೆಲ್ಲ ಮಾಲೀಕರ ಪಾಲಿಗೆ ಬರುತ್ತವೆ. ನೀರು ಮೇಲಿನ ಮಹಡಿಯ ಮನೆಯಿಂದ ಇಳಿಯುತ್ತಿದ್ದರೂ ಬಾಡಿಗೆದಾರರಿಗೆ ಉತ್ತರ ಹೇಳಬೇಕಾದವರು ಅವರ ಮಾಲೀಕರೇ. ಮೇಲಿನ ಮನೆಯವರೊಂದಿಗೋ ಕಟ್ಟಡದ ಸಂಘದೊಂದಿಗೋ ಮಾತಾಡಿ ದುರಸ್ತಿ ಮಾಡಿಸಬೇಕಾದದ್ದು ಮಾಲೀಕರ ಕೆಲಸ. ಬಾಡಿಗೆದಾರರಿಗೂ ಮೇಲಿನ ಮನೆಯವರಿಗೂ ನಡುವೆ ಯಾವ ಕರಾರೂ ಇಲ್ಲದಿರುವುದರಿಂದ, ಅವರನ್ನು ನೀವೇ ಕೇಳಿಕೊಳ್ಳಿ ಎಂದು ಮಾಲೀಕರು ಕೈತೊಳೆದುಕೊಳ್ಳುವುದು ಸರಿಯಲ್ಲ.

ಬಾಡಿಗೆದಾರರ ಪಾಲು ಇದಕ್ಕಿಂತ ಚಿಕ್ಕದು, ಆದರೆ ದಿನನಿತ್ಯದ್ದು. ಅಡುಗೆ ಮತ್ತು ಸ್ನಾನದ ಸಮಯದಲ್ಲಿ ಎಕ್ಸಾಸ್ಟ್ ಫ್ಯಾನ್ ಹಾಕಿ, ಮುಗಿದ ಮೇಲೂ ಸ್ವಲ್ಪ ಹೊತ್ತು ಓಡಲು ಬಿಡುವುದು, ಸ್ನಾನದ ಕೋಣೆಯ ಬಾಗಿಲನ್ನು ಮುಚ್ಚಿಡುವುದು, ಗಾಳಿಗಂಡಿಗಳನ್ನು ಕಾಗದ ಬಟ್ಟೆಗಳಿಂದ ಮುಚ್ಚದಿರುವುದು, ಒದ್ದೆ ಬಟ್ಟೆಯನ್ನು ಮುಚ್ಚಿದ ಕೋಣೆಯಲ್ಲಿ ಒಣಹಾಕದಿರುವುದು, ಬೀರುವನ್ನು ಹೊರಗೋಡೆಯಿಂದ ಒಂದು ಗೇಣಿನಷ್ಟಾದರೂ ದೂರ ಇಡುವುದು, ಬಚ್ಚಲಿನ ಜಾಲರಿಯಲ್ಲಿ ಸಿಕ್ಕ ಕೂದಲನ್ನು ಆಗಾಗ ತೆಗೆಯುವುದು. ಎಲ್‌ಪಿಜಿ ಒಂದು ಕಿಲೋ ಉರಿದರೆ ಒಂದೂವರೆ ಕಿಲೋಗಿಂತ ಹೆಚ್ಚು ನೀರಾವಿ ಹುಟ್ಟುತ್ತದೆ ಎಂಬುದು ಹೆಚ್ಚಿನವರಿಗೆ ತಿಳಿದಿರುವುದಿಲ್ಲ. ಅಡುಗೆಮನೆಯ ಫ್ಯಾನಿಗೆ ಹೊಗೆಯನ್ನು ಹೊರಹಾಕುವುದಷ್ಟೇ ಕೆಲಸವಲ್ಲ. ಇವೆಲ್ಲಕ್ಕಿಂತ ಮುಖ್ಯವಾದ ಹೊಣೆ ಎಂದರೆ ಕಂಡ ಕೂಡಲೇ ತಿಳಿಸುವುದು ಮತ್ತು ಪರಿಶೀಲನೆಗೆ ಬರುವವರಿಗೆ ಸಮಯ ಕೊಟ್ಟು ಬಾಗಿಲು ತೆರೆಯುವುದು. ಸಣ್ಣ ಜಿನುಗನ್ನು ಆರು ತಿಂಗಳು ಹೇಳದೆ ಬಿಟ್ಟು, ಅದು ಬಾಗಿಲಿನ ಚೌಕಟ್ಟನ್ನು ಕೊಳೆಯಿಸಿದ ಮೇಲೆ ತಿಳಿಸಿದರೆ, ಆ ಹೆಚ್ಚುವರಿ ಹಾನಿಯ ಪಾಲು ಬಾಡಿಗೆದಾರರ ತಲೆಗೆ ಬರುವುದು ನ್ಯಾಯವೇ.

ಕಷ್ಟವಿರುವುದು ಗಾಳಿಯ ತೇವದಿಂದ ಹುಟ್ಟಿದ ಬೂಷ್ಟಿನಲ್ಲಿ. ನಿಮ್ಮ ಜೀವನಶೈಲಿಯಿಂದ ಹೀಗಾಗಿದೆ ಎಂಬ ಉತ್ತರ ಮಾಲೀಕರ ಬಾಯಲ್ಲಿ ಬೇಗ ಬರುತ್ತದೆ. ಬಾಡಿಗೆದಾರರ ದೂರುಗಳನ್ನು ವಿಚಾರಿಸುವ ಇಂಗ್ಲೆಂಡಿನ ವಸತಿ ಒಂಬುಡ್ಸ್‌ಮನ್ 2021ರಲ್ಲಿ ತೇವ ಮತ್ತು ಬೂಷ್ಟಿನ ಕುರಿತು ಹೊರತಂದ ವರದಿಯು ಈ ಸಿದ್ಧ ಉತ್ತರವನ್ನೇ ಪ್ರಶ್ನಿಸಿ, ಬಾಡಿಗೆದಾರರನ್ನು ದೂರುವ ಮೊದಲು ಕಟ್ಟಡವನ್ನು ಪರಿಶೀಲಿಸಬೇಕೆಂದು ಒತ್ತಿ ಹೇಳಿತು. ನನ್ನ ಅಭಿಪ್ರಾಯವೂ ಅದೇ. ಸ್ನಾನ, ಅಡುಗೆ, ಉಸಿರಾಟ, ಬಟ್ಟೆ ಒಗೆತ ಇವು ಮನೆಯ ಸಹಜ ಬಳಕೆ. ಸಹಜ ಬಳಕೆಯನ್ನು ತಾಳಲಾರದ ಮನೆಯಲ್ಲಿ ಕೊರತೆ ಇರುವುದು ಮನೆಯಲ್ಲೇ.

ನಿರ್ಧರಿಸಲು ಎರಡು ಪ್ರಶ್ನೆಗಳನ್ನು ಕೇಳಿಕೊಂಡರೆ ಸಾಕು. ತೇವವನ್ನು ಹೊರಹಾಕಲು ಬೇಕಾದ ಕಿಟಕಿ, ಗಾಳಿಗಂಡಿ, ಕೆಲಸ ಮಾಡುವ ಫ್ಯಾನು ಮನೆಯಲ್ಲಿ ಇದೆಯೇ? ಇದ್ದರೆ, ಬಾಡಿಗೆದಾರರು ಅದನ್ನು ಬಳಸಿದ್ದಾರೆಯೇ? ಕಿಟಕಿಯೇ ಇಲ್ಲದ, ಫ್ಯಾನೂ ಇಲ್ಲದ ಸ್ನಾನದ ಕೋಣೆಯ ಚಾವಣಿ ಕಪ್ಪಾಗಿದ್ದರೆ ಮೊದಲ ಪ್ರಶ್ನೆಯಲ್ಲೇ ಮಾಲೀಕರ ಹೊಣೆ ತೀರ್ಮಾನವಾಗುತ್ತದೆ. ಸುಸ್ಥಿತಿಯ ಫ್ಯಾನಿದ್ದೂ ಅದರ ಗಂಡಿಗೆ ರಟ್ಟು ಅಂಟಿಸಿದ್ದರೆ ಎರಡನೆಯದರಲ್ಲಿ ಬಾಡಿಗೆದಾರರ ಹೊಣೆ. ಎರಡೂ ಸೇರಿಕೊಂಡಿರುವಾಗ, ಫ್ಯಾನನ್ನು ಮಾಲೀಕರು ಹಾಕಿಸಿ, ಬೂಷ್ಟನ್ನು ಬಾಡಿಗೆದಾರರು ತೆಗೆದು, ಬಣ್ಣದ ಖರ್ಚನ್ನು ಹಂಚಿಕೊಳ್ಳುವುದು ನಡೆದುಕೊಂಡು ಬಂದಿರುವ, ಒಪ್ಪತಕ್ಕ ದಾರಿ.

ನಾಲ್ಕನೇ ಹೆಜ್ಜೆ: ವಾಸನೆಯ ಜಾಡು ಹಿಡಿಯುವುದು

ವಾಸನೆಯನ್ನು ಅಳೆಯುವುದು ತೇವವನ್ನು ಅಳೆದಷ್ಟು ಸುಲಭವಲ್ಲ. ಅದೇ ಗಾಳಿಯಲ್ಲಿ ಇರುವವರ ಮೂಗು ಕೆಲವೇ ನಿಮಿಷಗಳಲ್ಲಿ ಒಗ್ಗಿಹೋಗುವುದರಿಂದ ಮನೆಯವರಿಗೆ ವಾಸನೆ ಗೊತ್ತಾಗದಿರುವುದೂ, ಬಂದವರಿಗೆ ತಟ್ಟನೆ ಗೊತ್ತಾಗುವುದೂ ಸಹಜ. ಆದ್ದರಿಂದ ಮನೆಯನ್ನು ಕೆಲವು ಗಂಟೆ ಮುಚ್ಚಿಟ್ಟು, ಹೊರಗಿನಿಂದ ಬಂದ ಮೊದಲ ನಿಮಿಷದಲ್ಲಿ ಕೋಣೆ ಕೋಣೆಗೆ ಹೋಗಿ ಎಲ್ಲಿ ಗಾಢವಾಗಿದೆ ಎಂದು ಗುರುತಿಸಬೇಕು. ಇದಕ್ಕೆ ಎರಡು ಕಡೆಗೂ ಸೇರದ ಒಬ್ಬರನ್ನು ಕರೆದರೆ ಇನ್ನೂ ಉತ್ತಮ.

ಕೊಳೆತ ಮೊಟ್ಟೆಯಂಥ ವಾಸನೆ ಬಚ್ಚಲಿನಿಂದಲೋ ಸಿಂಕಿನಿಂದಲೋ ಬಂದರೆ ಅದು ಚರಂಡಿಯ ಅನಿಲ. ಪ್ರತಿ ಹೊರಗೊಳವೆಯ ಕೆಳಗೆ ಬಾಗಿದ ಭಾಗವೊಂದು ಇರುತ್ತದೆ. ನೆಲದಲ್ಲಿರುವುದನ್ನು ಪ್ಲಂಬರುಗಳು ನಹಾನಿ ಟ್ರ್ಯಾಪ್ ಎನ್ನುತ್ತಾರೆ. ಅದರಲ್ಲಿ ಸದಾ ನಿಂತಿರುವ ಎರಡು ಇಂಚಿನಷ್ಟು ನೀರೇ ಚರಂಡಿಗೂ ಮನೆಗೂ ನಡುವಿನ ಬಾಗಿಲು. ಬಳಸದ ಬಚ್ಚಲಿನಲ್ಲಿ ಆ ನೀರು ಕೆಲವು ವಾರಗಳಲ್ಲಿ ಆವಿಯಾಗಿ ಬಾಗಿಲು ತೆರೆದುಕೊಳ್ಳುತ್ತದೆ. ಒಂದು ಬಕೆಟ್ ನೀರು ಸುರಿದು, ಒಂದೆರಡು ಗಂಟೆಯಲ್ಲಿ ವಾಸನೆ ನಿಂತರೆ ಕಾರಣ ಇಷ್ಟೇ, ಇದನ್ನು ನೋಡಿಕೊಳ್ಳುವುದು ಬಾಡಿಗೆದಾರರ ಕೆಲಸ. ಬಹಳ ದಿನ ಊರಿಗೆ ಹೋಗುವಾಗ ನೀರಿನ ಮೇಲೆ ಒಂದು ಚಮಚ ಎಣ್ಣೆ ಹಾಕಿದರೆ ಅದು ಆವಿಯಾಗುವುದು ತಡವಾಗುತ್ತದೆ. ಆದರೆ ನೀರು ಹಾಕಿದ ಮರುದಿನವೇ ವಾಸನೆ ಮರಳಿದರೆ, ಅಥವಾ ಬೇರೆಲ್ಲೋ ನೀರು ಬಿಟ್ಟಾಗ ಇಲ್ಲಿ ಗುಳುಗುಳು ಸದ್ದಾದರೆ, ಚರಂಡಿ ಕೊಳವೆಯ ಗಾಳಿಕೊಳವೆ ಕಟ್ಟಿಕೊಂಡು ಟ್ರ್ಯಾಪಿನ ನೀರನ್ನು ಎಳೆಯುತ್ತಿದೆ ಎಂದು ಅರ್ಥ. ಟ್ರ್ಯಾಪೇ ಇಲ್ಲದೆ ಕೊಳವೆ ಕೂಡಿಸಿರುವುದೂ, ಕಮೋಡಿನ ಬುಡದ ಸಂದು ಬಿಟ್ಟಿರುವುದೂ ಇದೇ ವಾಸನೆಗೆ ಕಾರಣವಾಗುತ್ತವೆ. ಇವು ಮೂರೂ ಮಾಲೀಕರ ಪಾಲಿನ ಕೆಲಸಗಳು.

ಮುಗ್ಗಲು ವಾಸನೆ ಬಂದು ಬೂಷ್ಟು ಕಣ್ಣಿಗೆ ಕಾಣದಿದ್ದರೆ ಅದು ಬೀರುವಿನ ಹಿಂದೆ, ಸಿಂಕಿನ ಕೆಳಗಿನ ಕಪಾಟಿನ ತಳದಲ್ಲಿ, ಸುಳ್ಳು ಚಾವಣಿಯ (ಫಾಲ್ಸ್ ಸೀಲಿಂಗ್) ಮೇಲೆ, ಗೋಡೆಗೆ ಅಂಟಿಸಿದ ಹಾಳೆಯ ಅಡಿಯಲ್ಲಿ ಇರುವ ಸಾಧ್ಯತೆ ಹೆಚ್ಚು. ಮನೆಗೆ ಕಾಲಿಟ್ಟ ದಿನದಿಂದಲೇ ಇರುವ ಸಿಗರೇಟು ಅಥವಾ ಸಾಕುಪ್ರಾಣಿಯ ವಾಸನೆ ಹಿಂದಿನವರದು, ಅದನ್ನು ತೆಗೆಸಿಕೊಡಬೇಕಾದವರು ಮಾಲೀಕರು. ಬಾಡಿಗೆ ಅವಧಿಯಲ್ಲಿ ಹೊಸದಾಗಿ ಸೇರಿದ್ದಾದರೆ ಬಾಡಿಗೆದಾರರು. ಸತ್ತ ಇಲಿಯ ವಾಸನೆಗೆ ಇಷ್ಟು ವಿವರ ಬೇಕಿಲ್ಲ, ಇಲಿ ನುಗ್ಗಿದ ಕಂಡಿಯನ್ನು ಮಾಲೀಕರು ಮುಚ್ಚಿಸಿದರೆ ಸಾಕು. ಸುವಾಸನೆಯ ಸ್ಪ್ರೇಯಿಂದ ಯಾವ ವಾಸನೆಯೂ ಹೋಗುವುದಿಲ್ಲ, ಪರಿಶೀಲನೆಗೆ ಬಂದವರಿಗೆ ಜಾಡು ತಪ್ಪುತ್ತದೆ ಅಷ್ಟೇ.

ಐದನೇ ಹೆಜ್ಜೆ: ಬರೆದು ತಿಳಿಸುವುದು

ಫೋನಿನಲ್ಲಿ ಹೇಳಿದ್ದು ಮುಂದೆ ಇಬ್ಬರ ನೆನಪಿನಲ್ಲಿ ಎರಡು ಬಗೆಯಾಗಿ ಉಳಿಯುತ್ತದೆ. ಮಾತಾಡಿದ ನಂತರ ಅದೇ ದಿನ ಇಮೇಲಿನಲ್ಲೋ ಸಂದೇಶದಲ್ಲೋ ಕಳಿಸಿದರೆ ದಿನಾಂಕ ತಾನಾಗಿ ದಾಖಲಾಗುತ್ತದೆ. ಭಾಷೆಯಲ್ಲಿ ಆರೋಪ ಇರಬಾರದು. ಜಾಗ, ಗಾತ್ರ, ಕಾಲ, ಮಾಡಿದ ಪರೀಕ್ಷೆ, ಕೋರಿಕೆ ಇಷ್ಟೂ ಇರಬೇಕು. ಮಾದರಿಗೆ ಹೀಗೆ ಬರೆಯಬಹುದು:

"ಮಾನ್ಯರೇ, ತಮ್ಮ ಮನೆಯ ಮಲಗುವ ಕೋಣೆಯಲ್ಲಿ, ಸ್ನಾನದ ಕೋಣೆಗೆ ಹೊಂದಿಕೊಂಡ ಗೋಡೆಯ ಮೇಲೆ, ನೆಲದಿಂದ ಎರಡು ಅಡಿ ಎತ್ತರದವರೆಗೆ ಸುಮಾರು ಮೂರು ಅಡಿ ಅಗಲದ ತೇವದ ಕಲೆ ಈ ತಿಂಗಳ 4ರಂದು ಕಾಣಿಸಿಕೊಂಡಿದೆ. 11ರ ವೇಳೆಗೆ ಅದು ಗುರುತು ಹಾಕಿದ ಗೆರೆಯನ್ನು ಅರ್ಧ ಅಡಿ ದಾಟಿದೆ. ನಡುವೆ ಮಳೆಯಾಗಿಲ್ಲ. ಸ್ನಾನದ ಕೋಣೆಯನ್ನು ಎರಡು ದಿನ ಬಳಸದಿದ್ದಾಗ ಕಲೆ ತಿಳಿಯಾಯಿತು. ಫೋಟೋಗಳನ್ನು ಲಗತ್ತಿಸಿದ್ದೇನೆ. ಕಲೆಯ ಸಮೀಪದಲ್ಲಿ ವಿದ್ಯುತ್ ಸಾಕೆಟ್ ಇರುವುದರಿಂದ ಅದನ್ನು ಬಳಸುತ್ತಿಲ್ಲ. ದಯವಿಟ್ಟು ಒಂದು ವಾರದೊಳಗೆ ಪ್ಲಂಬರ್ ಸಹಿತ ಬಂದು ನೋಡಬೇಕೆಂದು ಕೋರುತ್ತೇನೆ. ಸಂಜೆ ಐದರ ನಂತರ ಯಾವ ದಿನವಾದರೂ ನಾನು ಮನೆಯಲ್ಲಿ ಇರುತ್ತೇನೆ."

ಉತ್ತರ ಬಾರದಿದ್ದರೆ ಮೊದಲ ಪತ್ರದ ದಿನಾಂಕವನ್ನು ಉಲ್ಲೇಖಿಸಿ ಎರಡನೆಯದನ್ನು ಕಳಿಸಬೇಕು. ಮಾಲೀಕರೂ ಬರೆದೇ ಉತ್ತರಿಸುವುದು ಅವರ ಹಿತಕ್ಕೇ ಒಳ್ಳೆಯದು: ಯಾವ ದಿನ ಬಂದು ನೋಡಿದೆವು, ಏನು ಕಂಡಿತು, ಏನು ಮಾಡಿಸುತ್ತೇವೆ, ಯಾವಾಗ ಮುಗಿಯುತ್ತದೆ. ತಿಳಿಸದೆ ಬಂದು ಬೀಗ ತೆರೆಯುವ ಅಧಿಕಾರ ದುರಸ್ತಿಯ ನೆಪದಲ್ಲೂ ಮಾಲೀಕರಿಗೆ ಇರುವುದಿಲ್ಲ, ನಿಜವಾದ ತುರ್ತಿನ ಹೊರತು.

ಆರನೇ ಹೆಜ್ಜೆ: ದುರಸ್ತಿಯ ಕ್ರಮ ತಪ್ಪದಂತೆ ನೋಡಿಕೊಳ್ಳುವುದು

ಮೊದಲು ನೀರನ್ನು ನಿಲ್ಲಿಸುವುದು, ಆಮೇಲೆ ಗೋಡೆಯನ್ನು ಒಣಗಿಸುವುದು, ಆಮೇಲೆ ಹಾಳಾದ ಗಾರೆ ತೆಗೆದು ಹೊಸದು ಹಾಕುವುದು, ಕಡೆಗೆ ಬಣ್ಣ. ಹೆಚ್ಚಿನ ಮನೆಗಳಲ್ಲಿ ಈ ಕ್ರಮ ತಿರುಗುಮುರುಗಾಗಿ, ತೇವದ ಗೋಡೆಗೇ ಬಣ್ಣ ಬಳಿದು ಕೆಲಸ ಮುಗಿಯಿತು ಎನ್ನುತ್ತಾರೆ. ಒಳಗಿನ ನೀರಿಗೆ ಹೊರಬರುವ ದಾರಿ ಮುಚ್ಚಿದಂತಾಗಿ ಕೆಲವೇ ತಿಂಗಳಲ್ಲಿ ಬಣ್ಣ ಮತ್ತೆ ಹೊಪ್ಪಳೆಯೇಳುತ್ತದೆ, ಖರ್ಚು ಎರಡಾಗುತ್ತದೆ. ನೆನೆದ ಗೋಡೆ ಒಣಗಲು ಒಂದು ಇಂಚು ದಪ್ಪಕ್ಕೆ ಸುಮಾರು ಒಂದು ತಿಂಗಳು ಬೇಕೆಂಬುದು ಕಟ್ಟಡದವರ ಸ್ಥೂಲ ಲೆಕ್ಕ. ಸೋರಿಕೆ ನಿಂತ ಮೇಲೂ ಕೆಲವು ವಾರ ಕಲೆ ಉಳಿದರೆ ದುರಸ್ತಿ ವಿಫಲವಾಯಿತೆಂದು ಬಾಡಿಗೆದಾರರು ಗಾಬರಿಯಾಗಬೇಕಿಲ್ಲ; ಪೆನ್ಸಿಲಿನ ಗೆರೆ ಮತ್ತೊಮ್ಮೆ ಉಪಯೋಗಕ್ಕೆ ಬರುವುದು ಇಲ್ಲಿಯೇ, ಕಲೆ ಗೆರೆಯಿಂದ ಹಿಂದೆ ಸರಿಯುತ್ತಿದ್ದರೆ ಗೋಡೆ ಒಣಗುತ್ತಿದೆ.

ಒಮ್ಮೆಲೇ ನೀರು ನುಗ್ಗಿದ ಸಂದರ್ಭ ಬೇರೆ. ನೆನೆದ ಹಾಸಿಗೆ, ರಗ್ಗು, ಪ್ಲೈವುಡ್ಡುಗಳನ್ನು 24ರಿಂದ 48 ಗಂಟೆಗಳೊಳಗೆ ಒಣಗಿಸಿದರೆ ಬೂಷ್ಟು ಬಹುಮಟ್ಟಿಗೆ ಹಿಡಿಯುವುದಿಲ್ಲ. ಆ ಎರಡು ದಿನಗಳಲ್ಲಿ ಫ್ಯಾನು ಹಾಕಿ, ಸಾಮಾನು ಸರಿಸಿ ಹಾನಿ ತಗ್ಗಿಸುವುದು ತಪ್ಪು ಯಾರದಾದರೂ ಮನೆಯಲ್ಲಿ ಇರುವವರ ಕರ್ತವ್ಯ.

ಈಗಾಗಲೇ ಹಿಡಿದ ಬೂಷ್ಟು ಒಟ್ಟು ಹತ್ತು ಚದರ ಅಡಿಗಿಂತ ಕಡಿಮೆ ಇದ್ದರೆ ಮನೆಯವರೇ ತೆಗೆಯಬಹುದು. ಎನ್95 ಮುಖಗವಸು, ರಬ್ಬರು ಕೈಗವಸು, ಕಣ್ಣಿಗೆ ಕನ್ನಡಕ ಹಾಕಿಕೊಂಡು, ಕಿಟಕಿ ತೆರೆದು, ಸೋಪಿನ ಪುಡಿ ಕಲಸಿದ ನೀರಿನಿಂದ ಒದ್ದೆ ಬಟ್ಟೆಯಲ್ಲಿ ಒರೆಸಿ, ತಕ್ಷಣ ಒಣಗಿಸಬೇಕು. ಒಣ ಬ್ರಷ್ಷಿನಿಂದ ಉಜ್ಜಿದರೆ ಅದರ ಬೀಜಕಣಗಳು ಮನೆಯೆಲ್ಲ ಹರಡುತ್ತವೆ. ಬ್ಲೀಚ್ ಬಳಸುವವರು ಅದನ್ನು ಆಮ್ಲ ಇರುವ ಟಾಯ್ಲೆಟ್ ಕ್ಲೀನರಿನ ಜೊತೆಗಾಗಲಿ ಅಮೋನಿಯಾ ಇರುವ ದ್ರವದ ಜೊತೆಗಾಗಲಿ ಎಂದೂ ಬೆರೆಸಬಾರದು, ಹುಟ್ಟುವ ಅನಿಲ ಪ್ರಾಣಕ್ಕೇ ಅಪಾಯಕಾರಿ. ಬೂಷ್ಟು ಅದಕ್ಕಿಂತ ವಿಸ್ತಾರವಾಗಿದ್ದರೆ, ಚರಂಡಿ ನೀರಿನಿಂದ ಬಂದಿದ್ದರೆ, ಅಥವಾ ಮನೆಯಲ್ಲಿ ಅಸ್ತಮಾ ಇರುವವರಿದ್ದರೆ ನುರಿತವರನ್ನು ಕರೆಸಬೇಕು. ಮೂಲ ಕಟ್ಟಡದ ದೋಷವಾಗಿದ್ದರೆ ಆ ಖರ್ಚು ಮಾಲೀಕರದು.

ಏಳನೇ ಹೆಜ್ಜೆ: ಮಾತಿನಲ್ಲಿ ಬಗೆಹರಿಯದಿದ್ದರೆ

ಬಾಡಿಗೆ ಕೊಡುವುದನ್ನು ನಿಲ್ಲಿಸುವುದು ಮೊದಲು ಹೊಳೆಯುವ ಉಪಾಯ, ಆದರೆ ಬಾಡಿಗೆದಾರರನ್ನೇ ತಪ್ಪಿತಸ್ಥರ ಜಾಗದಲ್ಲಿ ನಿಲ್ಲಿಸುವ ಉಪಾಯವೂ ಅದೇ. ಕಾನೂನು ಏನು ಹೇಳುತ್ತದೆ ಎಂದು ನೋಡಿ, ನೋಟಿಸ್ ಕೊಟ್ಟು, ಅದು ಹೇಳಿದ ಕ್ರಮದಲ್ಲೇ ನಡೆಯಬೇಕು. ಉದಾಹರಣೆಗೆ ಭಾರತದ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮಿನಂತೆ, ಕರಾರಿನಲ್ಲಿ ಬೇರೆ ರೀತಿ ಇಲ್ಲದಿದ್ದರೆ, ಮಾಲೀಕರು ತಾವು ಮಾಡಿಸಲೇಬೇಕಾದ ದುರಸ್ತಿಯನ್ನು ನೋಟಿಸಿನ ನಂತರ ಸಮಂಜಸ ಅವಧಿಯಲ್ಲಿ ಮಾಡಿಸದಿದ್ದಾಗ ಬಾಡಿಗೆದಾರರೇ ಮಾಡಿಸಿ, ಆ ಖರ್ಚನ್ನು ಬಡ್ಡಿ ಸಹಿತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಮಾಲೀಕರಿಗೆ ಗೊತ್ತಿದ್ದು ಬಾಡಿಗೆದಾರರ ಕಣ್ಣಿಗೆ ಬೀಳದ ಮುಖ್ಯ ದೋಷವನ್ನು ಮೊದಲೇ ತಿಳಿಸಬೇಕೆಂದೂ, ಬಾಡಿಗೆದಾರರು ಸಹಜ ಸವೆತವನ್ನು ಬಿಟ್ಟು ಉಳಿದಂತೆ ಮನೆಯನ್ನು ಪಡೆದ ಸ್ಥಿತಿಯಲ್ಲೇ ಇಟ್ಟುಕೊಳ್ಳಬೇಕೆಂದೂ ಅದೇ ಕಲಮು ಹೇಳುತ್ತದೆ. ಕೇಂದ್ರ ಸರ್ಕಾರ 2021ರಲ್ಲಿ ರೂಪಿಸಿದ ಮಾದರಿ ಬಾಡಿಗೆ ಕಾಯ್ದೆಯ ಅನುಸೂಚಿಯು ಕಟ್ಟಡದ ರಚನೆಯ ದುರಸ್ತಿ, ಕೊಳವೆ ಬದಲಾವಣೆ, ಗೋಡೆಗಳ ಸುಣ್ಣಬಣ್ಣಗಳನ್ನು ಮಾಲೀಕರಿಗೂ, ನಲ್ಲಿಯ ವಾಷರ್ ಬದಲಿಸುವುದು, ಚರಂಡಿ ಶುಚಿ ಮಾಡುವಂಥ ಕೆಲಸಗಳನ್ನು ಬಾಡಿಗೆದಾರರಿಗೂ ಹಂಚಿದೆ. ಅದು ಮಾದರಿ ಮಾತ್ರ, ರಾಜ್ಯ ಅಂಗೀಕರಿಸಿದ್ದರಷ್ಟೇ ಅನ್ವಯ. ಆದರೂ ಕರಾರು ಬರೆಯುವಾಗ ಆ ಪಟ್ಟಿಯನ್ನು ಇಬ್ಬರೂ ಎದುರಿಗಿಟ್ಟುಕೊಳ್ಳುವುದು ಉಪಯುಕ್ತ.

ಬ್ರಿಟನ್ನಿನ ರಾಚ್‌ಡೇಲ್‌ನಲ್ಲಿ ಬೂಷ್ಟು ಹಿಡಿದ ಬಾಡಿಗೆ ಮನೆಯಲ್ಲಿ ವಾಸವಾಗಿದ್ದ ಎರಡು ವರ್ಷದ ಅವಾಬ್ ಇಶಾಕ್ 2020ರ ಡಿಸೆಂಬರಿನಲ್ಲಿ ತೀರಿಕೊಂಡ. ಮನೆಯ ಬೂಷ್ಟಿಗೆ ದೀರ್ಘಕಾಲ ಒಡ್ಡಿಕೊಂಡದ್ದೇ ಉಸಿರಾಟದ ಕಾಯಿಲೆಗೂ ಸಾವಿಗೂ ಕಾರಣ ಎಂದು 2022ರ ನವೆಂಬರಿನಲ್ಲಿ ವಿಚಾರಣೆ ತೀರ್ಮಾನಿಸಿತು. ಅವನ ತಂದೆತಾಯಿ ಮತ್ತೆ ಮತ್ತೆ ದೂರು ಕೊಟ್ಟಿದ್ದರು. ಅವನ ಹೆಸರಿನ ಕಾನೂನು ಇಂಗ್ಲೆಂಡಿನ ಸಾಮಾಜಿಕ ವಸತಿಗಳಿಗೆ, ಅಂದರೆ ಸ್ಥಳೀಯ ಆಡಳಿತವೋ ವಸತಿ ಸಂಘಗಳೋ ಕಡಿಮೆ ಬಾಡಿಗೆಗೆ ಕೊಡುವ ಮನೆಗಳಿಗೆ, 2025ರ ಅಕ್ಟೋಬರ್ 27ರಿಂದ ಅನ್ವಯವಾಗಿದ್ದು, ತುರ್ತು ಅಪಾಯಗಳನ್ನು 24 ಗಂಟೆಗಳಲ್ಲಿ ನಿವಾರಿಸಬೇಕು, ಗಂಭೀರ ತೇವ ಮತ್ತು ಬೂಷ್ಟಿನ ದೂರನ್ನು 10 ಕೆಲಸದ ದಿನಗಳಲ್ಲಿ ತನಿಖೆ ಮಾಡಬೇಕು ಎಂದು ಅದು ವಿಧಿಸುತ್ತದೆ. ಇಂಥ ಕಾನೂನು ಇಲ್ಲದ ಕಡೆಯಲ್ಲೂ ಈ ಎರಡು ಗಡುವುಗಳನ್ನು ಕರಾರು ಪತ್ರದಲ್ಲಿ ಬರೆದುಕೊಳ್ಳಲು ಯಾರ ಅಡ್ಡಿಯೂ ಇಲ್ಲ.

ಮೂಲದ ಬಗ್ಗೆಯೇ ಒಮ್ಮತ ಬಾರದಿದ್ದರೆ ಇಬ್ಬರೂ ಒಪ್ಪಿದ ಒಬ್ಬ ಸಿವಿಲ್ ಎಂಜಿನಿಯರನ್ನು ಕರೆಸಿ, ವರದಿ ಯಾರ ಕಡೆಗೆ ಹೊಣೆ ತೋರಿಸುತ್ತದೋ ಅವರೇ ಶುಲ್ಕ ಕೊಡುವುದೆಂದು ಮೊದಲೇ ಬರೆದುಕೊಳ್ಳಬಹುದು. ವಾಟರ್‌ಪ್ರೂಫಿಂಗ್ ಮಾರುವವರಿಂದಲೇ ಉಚಿತ ಪರಿಶೀಲನೆ ಮಾಡಿಸುವುದಕ್ಕಿಂತ ಇದು ಎಷ್ಟೋ ಮೇಲು, ಅವರಿಗೆ ಪ್ರತಿ ಕಲೆಯಲ್ಲೂ ತಮ್ಮ ಸರಕಿಗೊಂದು ಗಿರಾಕಿ ಕಾಣುತ್ತದೆ.

ಎಂಟನೇ ಹೆಜ್ಜೆ: ಮನೆಗೆ ಬರುವಾಗ ಮತ್ತು ಬಿಡುವಾಗ

ಮನೆ ನೋಡಲು ಹೋದಾಗ ಹೊಸ ಬಣ್ಣದ ವಾಸನೆ ಒಂದೇ ಗೋಡೆಯಿಂದ ಬರುತ್ತಿದ್ದರೆ ಕಾರಣ ಕೇಳಿ. ಸಿಂಕಿನ ಕೆಳಗಿನ ಕಪಾಟು ತೆರೆದು ಕೈಯಾಡಿಸಿ, ಕಿಟಕಿಯ ಕೆಳಗಿನ ಗಾರೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ಟೊಳ್ಳು ಸದ್ದು ಬರುತ್ತದೆಯೇ ಕೇಳಿಸಿಕೊಳ್ಳಿ, ಸ್ನಾನದ ಕೋಣೆಯ ಫ್ಯಾನಿಗೆ ಒಂದು ತುಂಡು ಕಾಗದ ಹಿಡಿದು ಅದನ್ನು ಎಳೆದುಕೊಳ್ಳುತ್ತದೆಯೇ ನೋಡಿ. ಕೀಲಿ ಪಡೆಯುವ ದಿನ ಪ್ರತಿ ಕೋಣೆಯ ನಾಲ್ಕೂ ಗೋಡೆ ಮತ್ತು ಚಾವಣಿಯ ಫೋಟೋ ತೆಗೆದು ಮಾಲೀಕರಿಗೂ ಒಂದು ಪ್ರತಿ ಕಳಿಸಿದರೆ, ಬಿಡುವ ದಿನ ಮುಂಗಡ ಹಣದ ಲೆಕ್ಕ ಆ ಫೋಟೋಗಳ ಆಧಾರದ ಮೇಲೆಯೇ ನಡೆಯುತ್ತದೆ. ಕಾಲಕ್ರಮದಲ್ಲಿ ಬಣ್ಣ ಮಾಸಿದ್ದಕ್ಕಾಗಲಿ, ಮಾಲೀಕರಿಗೆ ತಿಳಿಸಿಯೂ ದುರಸ್ತಿಯಾಗದ ಸೋರಿಕೆಯ ಬೂಷ್ಟಿಗಾಗಲಿ ಮುಂಗಡದಲ್ಲಿ ಮುರಿದುಕೊಳ್ಳುವಂತಿಲ್ಲ. ಮುಚ್ಚಿದ ಗಾಳಿಗಂಡಿ, ಸೇರಿಹೋದ ಸಿಗರೇಟು ವಾಸನೆ, ತಿಳಿಸದೆ ಬಿಟ್ಟ ಜಿನುಗಿನಿಂದ ಹೆಚ್ಚಿದ ಹಾನಿ ಇವುಗಳಿಗೆ ರಸೀದಿ ತೋರಿಸಿ ಮುರಿದುಕೊಳ್ಳಬಹುದು.

ಮನೆ ಖಾಲಿಯಾದ ಮೇಲೆ ಮಾಲೀಕರು ಎಲ್ಲ ಬಚ್ಚಲುಗಳಿಗೂ ನೀರು ಹಾಕಿಸಿ, ಒಂದು ದಿನ ಪೂರ್ತಿ ಕಿಟಕಿ ಮುಚ್ಚಿಟ್ಟು, ಮರುದಿನ ಬಾಗಿಲು ತೆರೆದು ಒಳಗೆ ಹೋಗಿ ನೋಡಬೇಕು. ವಾಸನೆ ಇದ್ದರೆ ಮುಂದಿನವರು ಬರುವ ಮೊದಲೇ ಅದರ ಮೂಲ ಹುಡುಕಿಸಬೇಕು. ಹಿಂದೆ ಸೋರಿದ್ದ ಜಾಗ, ದುರಸ್ತಿಯ ದಿನಾಂಕ, ಮಾಡಿದವರ ಹೆಸರು, ಬಳಸಿದ ವಸ್ತು ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು, ಹೊಸ ಕರಾರು ಪತ್ರದ ಜೊತೆಗೆ ಬಾಡಿಗೆದಾರರ ಕೈಗೆ ಕೊಡಬೇಕು.